ನಾದಿನಿಯ ಹೆಬ್ಬೆರಳಿಗೆ ತೆಂಗಿನಕಾಯಿ ಹಿಡಿದದ್ದು

ನನ್ನ ನಾದಿನಿಗೆ ತಲೆಯಲ್ಲಿ ಬುದ್ಧಿ ಇಲ್ಲ. ಇರುವುದೆಲ್ಲ ಕಾಲಿನ ಹೆಬ್ಬೆರಳಲ್ಲಿ! ತುರ್ವಿಹಾಳದ ನಮ್ಮ ಮನೆಯಲ್ಲಿ ಭತ್ತ ಒಣಗಿತೋ ಇಲ್ಲವೋ ಹೇಳುವುದು ಆ ಬೆರಳು. ಜಳಕದ ನೀರಿಗೆ ಅದ್ದಿ ನೋಡುವುದೂ ಅದನ್ನೇ. ಮಸ್ಕಿ ಸಂತೆಯಲ್ಲಿ ಚಪ್ಪಲಿ ಬಿಟ್ಟು ಹೊಸ ಕಂಬಳಿಯೊಳಗೆ ಕಾಲು ತೂರಿಸಿಬಿಟ್ಟಳು.

“ಯವ್ವಾ, ಕೈಲೆ ಮುಟ್ಟಿ ನೋಡಬೇ!” ಅಂಗಡಿಯವನು ಅರಚಿದ.

“ಥಂಡಿ ಹತ್ತೋದು ಕಾಲಿಗೋ, ಕೈಗೋ?”

ಇಂಥವಳ ಎರಡೂ ಹೆಬ್ಬೆರಳ ಬುಡದಲ್ಲಿ ಗಂಟು ಎದ್ದು, ಬೆರಳು ಪಕ್ಕಕ್ಕೆ ಒರಗಿದವು. ಬಲಗಾಲಿಗಂತೂ ಚಪ್ಪಲಿ ಏರದು. ಸಿಂಧನೂರಿನ ಡಾಕ್ಟರ ಬಳಿ ಎಳೆದುಕೊಂಡು ಹೋದೆ.

“ಸಣ್ಣ ತೂತು ಹಾಕಿ, ಎಲುಬು ಕೊರೆದು ನೆಟ್ಟಗ ಮಾಡ್ತೀವ್ರೀ. ದೊಡ್ಡ ಗಾಯ ಇಲ್ಲ. ಆದ್ರ ಬಾಜೂಕ ಸಣ್ಣ ನರ ಐತಿ. ಪೆಟ್ಟು ಬಿದ್ರ ಬೆರಳು ಜೋಮು ಹಿಡಿದಂಗ ಆಗ್ಬಹುದು. ಬಹಳ ಮಂದಿಗೆ ಹೋಗ್ತೈತಿ, ಕೆಲವರಿಗೆ ಹೋಗಂಗಿಲ್ಲ.”

“ಕೊರಿಯೋ ಮುಂದ ಆ ನರ ನಿಮಗ ಕಾಣ್ತೈತೇನ್ರೀ?”

“ಎಕ್ಸ್‌ರೇದಾಗ ಎಲುಬು ಅಷ್ಟ ಕಾಣ್ತೈತಿ. ನರದ ಜಾಗ ಗೊತ್ತಿರ್ತೈತಿ, ಅದನ್ನ ಬಿಟ್ಟು ಕೊರೀತೀವಿ.”

“ಅಂದ್ರ ಬೋರ್ ಹಾಕಿದಂಗ!” ಎಂದವಳೇ ಎದ್ದು ಬಂದಳು.

ಬೋರ್ ಹಾಕುವ ಮುಂಚೆ ನಮ್ಮಲ್ಲಿ ಏನು ಮಾಡುತ್ತಾರೆ? ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ತಿರುಗುತ್ತಾರೆ. ಕಾಯಿ ಎದ್ದು ನಿಂತಲ್ಲಿ ನೀರು. ನರ ಹುಡುಕಲು ಊರಿನ ಕಾಯಿ ಹಿಡಿಯುವವನನ್ನು ಕರೆಸಿಯೇಬಿಟ್ಟಳು! ಅವನು ಅವಳ ಪಾದದ ಮೇಲೆ ಕಾಯಿ ಹಿಡಿದು ಬೆವರಿದ.

“ಅಕ್ಕಾ, ನಾ ನೀರು ಹುಡುಕಾಂವ!”

“ಕಲ್ಲು ನೆಲದಾಗ ನೀರು ತೋರಿಸೀದಿ, ಇದೇನು ಮಹಾ? ಹುಡುಕಲೇ!”

ಕಾಯಿ ಎದ್ದಿತೋ, ಅವನೇ ಎಬ್ಬಿಸಿದನೋ, ಪಾದದ ತುಂಬ ಸುಣ್ಣದ ಚುಕ್ಕೆ ಬಿದ್ದವು. ಹಾಗೇ ಆಪರೇಷನ್ನಿಗೆ ಹೋದಳು.

“ಇದನ್ನ ಯಾರು ಬರೆದ್ರು?” ಡಾಕ್ಟರು ಬೆಚ್ಚಿದರು.

“ಬೋರಿನಾಂವ್ರೀ.”

ಡಾಕ್ಟರು ಎಲ್ಲ ತೊಳೆಸಿ, ತಮ್ಮದೇ ಗೆರೆ ಎಳೆದುಕೊಂಡರು.

ಬಲಗಾಲಿನ ಬೆರಳು ನೆಟ್ಟಗಾಯಿತು, ಗಾಯ ಮಾಯಿತು. ಒಳಮಗ್ಗುಲ ಜೋಮು ಮಾತ್ರ ಇನ್ನೂ ಬಿಟ್ಟಿಲ್ಲ. ಈಗ ಎಡಗಾಲೂ ನೋಯುತ್ತಿದೆ, ಕುಂಟುತ್ತಾಳೆ. ಅದನ್ನೂ ಮಾಡಿಬಿಡೋಣ ಎಂದರು ಡಾಕ್ಟರು.

“ಬ್ಯಾಡ್ರೀ. ಈ ನಮ್ಮ ಅತ್ತಿಗಿಗೆ ಸಕ್ಕರಿ ಬ್ಯಾನಿ, ಕಾಲಿಗೆ ಬಿಸಿ ತಿಳಿಯಂಗಿಲ್ಲ. ಒಮ್ಮೆ ಸುಟ್ಕೊಂಡಾಳ. ಆಕಿ ಜಳಕದ ನೀರು ನೋಡಾಕ ಇದೊಂದು ಬೆರಳು ಇರ್ಲಿ.”

“ಕೈ ಇಲ್ಲೇನಬೇ ನಿನಗ?” ಗದರಿದೆ.

“ರೊಟ್ಟಿ ಸುಟ್ಟು ಸುಟ್ಟು ಕೈ ಮರಗಟ್ಟ್ಯಾವ. ನೀ ಸುಮ್ನಿರು.”

ಈ ಮುಂಜಾನೆಯೂ ಬಚ್ಚಲ ಗೋಡೆ ಹಿಡಿದು, ಜೋಮು ಹಿಡಿದ ಕಾಲಲ್ಲಿ ನಿಂತು, ಆ ಸೊಟ್ಟ ಬೆರಳನ್ನು ನನ್ನ ಜಳಕದ ಬಕೆಟ್ಟಿಗೆ ಅದ್ದಿದಳು. ಸ್ವಲ್ಪ ತಣ್ಣೀರು ಸುರಿದಳು. ಮತ್ತೆ ಅದ್ದಿದಳು.

“ಬಾರಬೇ, ಹದ ಐತಿ.”