ಒಂಬತ್ತು ತಲೆಯ ಮೊಸಳೆಯೂ ಅತ್ತೆಯ ಪಕ್ಕದ ಕುರ್ಚಿಯೂ

ಸಿನಿಮಾ ಮಂದಿರದ ಕತ್ತಲಲ್ಲಿ ಪಕ್ಕದವರ ಮುಖ ಕಾಣುವುದಿಲ್ಲ. ಇದು ಮೂರು ವರ್ಷದ ಮಗುವಿಗೂ ಗೊತ್ತು. ಕಂಪಾಲಾ ಟ್ಯಾಕ್ಸಿ ನಿಲ್ದಾಣದ ಮಹಾಮೇಧಾವಿ ಮುತ್ಯಾಬನಿಗೆ ಮಾತ್ರ ಹೊಳೆಯಲಿಲ್ಲ!

ಮುತ್ಯಾಬನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಅವಳಿ ಮಕ್ಕಳ ಅಪ್ಪನಾದ್ದರಿಂದ ಅವನು ಎಲ್ಲರಿಗೂ ಸಾಲೊಂಗೊ, ಹೆಂಡತಿ ನಾಲೊಂಗೊ. ಹದಿನಾಲ್ಕು ಸೀಟಿನ ವ್ಯಾನಿಗೆ ಜನ ತುಂಬಿಸುವುದು ಅವನ ಕಸುಬು. ಮೂಟೆ, ಮುದುಕಿ, ಜೀವಂತ ಕೋಳಿ, ಯಾವುದು ಎಲ್ಲಿ ಕೂರಬೇಕೆಂದು ಅವನು ಬೆರಳು ತೋರಿಸಿದರೆ ಮುಗಿಯಿತು, ಶಿಲಾಶಾಸನ!

ಆ ಭಾನುವಾರ ಅವಳಿಗಳಿಗೆ ಎಂಟು ತುಂಬಿತು. "ಹಾರೋ ನೀರಾನೆ ಕಾರ್ಟೂನ್ ಸಿನಿಮಾ ನೋಡ್ಬೇಕು, ಅಜ್ಜಿ ಜೊತೇಲೇ!" ಎಂದು ಇಬ್ಬರೂ ಒಂದೇ ರಾಗ ಎಳೆದರು.

ಅಜ್ಜಿ ಎಂದರೆ ನಾಲೊಂಗೊಳ ತಾಯಿ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಮಗಳ ಮನೆಗೆ ಬಂದದ್ದು ಇದೇ ಮೊದಲು. ನಮ್ಮ ಕಂಪಾಲಾ ಕಡೆ ಅತ್ತೆ ಅಳಿಯ ಎದುರುಬದುರಾಗುವಂತಿಲ್ಲ, ಒಟ್ಟಿಗೆ ಉಣ್ಣುವಂತಿಲ್ಲ, ಒಂದೇ ಸೂರಿನಡಿ ಮಲಗುವಂತಿಲ್ಲ. ಮುಟ್ಟಿದರಂತೂ ಸಾಯುವತನಕ ನಡುಕದ ರೋಗ! ಇದಕ್ಕೆ ಗೌರವ ಎಂದು ಹೆಸರು. ಆ ಗೌರವದ ದೆಸೆಯಿಂದ ಅರವತ್ತೆಂಟರ ಮುದುಕಿ ಮೂರು ದಿನ ನೆರೆಮನೆಯಲ್ಲಿ ಮಲಗಿದಳು, ಅಡುಗೆಮನೆಯ ಚಾಪೆಯ ಮರೆಯಲ್ಲಿ ಉಂಡಳು, ಬರುತ್ತಿದ್ದೇನೆಂದು ಎಚ್ಚರಿಸುವ ಅಳಿಯನ ಕೆಮ್ಮು ಕೇಳಿದರೆ ಹಿಂಬಾಗಿಲಿನಿಂದ ಓಡಿ ಬಾಳೆಯ ಗುಂಪಿನಲ್ಲಿ ಬಗ್ಗಿ ಕೂತಳು. "ಒಂದೇ ಒಂದು ಅವಮಾನ ಆದ್ರೂ ಮತ್ತೆ ಈ ಕಡೆ ತಲೆ ಹಾಕಲ್ಲ ನೋಡು" ಎಂದು ಮಗಳಿಗೆ ಮೊದಲೇ ಹೇಳಿದ್ದಳು.

"ಸಾಲೊಂಗೊ, ಅಮ್ಮನ್ನೂ ಮಕ್ಕಳನ್ನೂ ನಾನೇ ಕರ್ಕೊಂಡು ಹೋಗ್ತೀನಿ. ನೀವು ಮನೇಲಿರಿ" ಎಂದಳು ನಾಲೊಂಗೊ.

"ಏನಂದೆ? ಲಕ್ಷ ಜನರನ್ನ ಕೂರ್ಸಿದ ಗಂಡು ನಾನು! ಐದು ಜನರನ್ನ ಕೂರ್ಸೋಕಾಗಲ್ವಾ?"

"ನೀವು ಕೂರ್ಸಿದೋರು ಒಬ್ಬರ ತೊಡೆ ಮೇಲೆ ಇನ್ನೊಬ್ರು ಇರ್ತಾರೆ."

"ಅದು ಬೇರೆ ಇಲಾಖೆ!"

ಯೋಜನೆ ಸಿದ್ಧವಾಯಿತು. ಗೋಡೆಯ ಕಡೆ ಅತ್ತೆ, ಆಮೇಲೆ ಅವಳಿಗಳು, ಆಮೇಲೆ ನಾಲೊಂಗೊ, ನಡೆದಾಡುವ ಓಣಿಯ ಪಕ್ಕದ ಕೊನೆಯ ಕುರ್ಚಿ ಅವನದು. ನಡುವೆ ಮೂರು ಜನರ ಕೋಟೆ! ಮುಖಾಮುಖಿ ಆಗದಿರಲೆಂದು ಹೆಂಗಸರು ಮೊದಲು ಹೋಗುವುದು, ದೀಪ ಆರಿ ಹತ್ತು ನಿಮಿಷವಾದ ಮೇಲೆ ಸೇನಾಧಿಪತಿಯ ಪ್ರವೇಶ. ಎಲ್ಲರ ಫೋನೂ ಬಂದ್, ಅದು ಅವನ ಕಟ್ಟಪ್ಪಣೆ.

ಕೋಟೆ ಹತ್ತು ನಿಮಿಷವೂ ನಿಲ್ಲಲಿಲ್ಲ. ಗೋಡೆಯ ಕಡೆ ಏಸಿಯ ಗಾಳಿ ಮುದುಕಿಯ ನೆತ್ತಿಗೇ ಬಡಿಯಿತು. ನಾಲೊಂಗೊ ತಾಯಿಯನ್ನು ತನ್ನ ಕುರ್ಚಿಗೆ ಕರೆದು, ತನ್ನ ಕೆಂಪು ಜಾಕೆಟ್ಟನ್ನೇ ಹೊದಿಸಿದಳು. ಅಷ್ಟರಲ್ಲಿ ಅವಳಿಗಳಲ್ಲಿ ಒಬ್ಬಳಿಗೆ ಉಚ್ಚೆ ಬಂತು. ಒಬ್ಬಳಿಗೆ ಬಂದರೆ ಇಬ್ಬರಿಗೂ ಬಂದಂತೆ. ಮೂವರೂ ಹೊರಗೆ ಹೋದರು. ಗಂಡನಿಗೆ ತಿಳಿಸೋಣವೆಂದರೆ ಫೋನ್ ಬಂದ್!

ಸಾಲೊಂಗೊ ಜೋಳದ ಅರಳಿನ ಡಬ್ಬಿ ಹಿಡಿದು ತಡವರಿಸುತ್ತ ಬಂದ. ಕೆಂಪು ಜಾಕೆಟ್ ಕಂಡಿತು. ಪಕ್ಕದಲ್ಲಿ ಧೊಪ್ಪನೆ ಕೂತ.

"ಮಕ್ಕಳೆಲ್ಲೇ?" ಎಂದು ಪಿಸುಗುಟ್ಟಿದ. ಉತ್ತರವಿಲ್ಲ. ಮುನಿಸಿರಬೇಕು.

ಪರದೆಯ ಮೇಲೆ ರೆಕ್ಕೆಯ ನೀರಾನೆಯನ್ನೇರಿದ ಹುಡುಗಿ ಕದ್ದ ಚಂದ್ರನನ್ನು ತರಲು ಸರೋವರದ ತಳಕ್ಕೆ ಇಳಿಯುತ್ತಿದ್ದಳು. ಒಂಬತ್ತು ತಲೆಯ ಮೊಸಳೆ ಒಂದೊಂದೇ ತಲೆ ಎತ್ತುತ್ತಿತ್ತು. ಆಗಲೇ ಮೂರು ಎದ್ದಿದ್ದವು.

"ನಿಮ್ಮಮ್ಮ ಯಾವಾಗ ಹೊರಡ್ತಾರೆ?" ಎಂದ ಅವನು. "ನಮ್ಮನೇಲೇ ಕಳ್ಳನ ಥರ ಓಡಾಡ್ತಿದೀನಿ. ಕೆಮ್ಮಿ ಕೆಮ್ಮಿ ಗಂಟಲು ಹೋಯ್ತು!"

ಜಾಕೆಟ್ ಉಸಿರು ಬಿಗಿಹಿಡಿಯಿತು.

ನಾಲ್ಕನೆಯ ತಲೆ ನೀರು ಸೀಳಿ ಎದ್ದು ಘರ್ಜಿಸಿತು. ಸಾಲೊಂಗೊ ಪಕ್ಕದ ಕೈಯನ್ನು ಗಬಕ್ಕನೆ ಹಿಡಿದ. "ಹೆದರ್ಬೇಡ, ನಾನಿದೀನಿ!" ಎಂದ. ಅವನ ಧ್ವನಿಯೇ ನಡುಗುತ್ತಿತ್ತು. ಹಿಡಿದ ಅಂಗೈ ಗುದ್ದಲಿಯ ಕಾವಿನಷ್ಟು ಒರಟು. ಪಾಪ, ದುಡಿದು ದುಡಿದು ಹೆಂಡತಿಯ ಕೈ ಹೀಗಾಗಿದೆ, ಸಂಬಳ ಬಂದಾಗ ಒಂದು ಕ್ರೀಮು ತರಬೇಕು ಎಂದುಕೊಂಡ. ಜೀವನದಲ್ಲಿ ಮೊದಲ ಬಾರಿಗೆ!

ಐದನೆಯ ತಲೆ ಬಾಯಿ ತೆರೆಯಿತು. ಅದರೊಳಗೆ ಚಂದ್ರ! ಮಂದಿರವೆಲ್ಲ ಹಾಲು ಚೆಲ್ಲಿದಂತೆ ಬೆಳಗಿತು. ಸಾಲೊಂಗೊ ಪ್ರೀತಿಯಿಂದ ಪಕ್ಕಕ್ಕೆ ತಿರುಗಿದ.

ಅತ್ತೆ!

ಅವನ ರಕ್ತ ಮೊಸರಾಯಿತು. ಕೈ ಎಳೆದುಕೊಂಡರೆ ತಾನು ಗುರುತಿಸಿದ್ದು ಅವಳಿಗೆ ಗೊತ್ತಾಗಿಬಿಡುತ್ತದೆ. ಬಿಟ್ಟರೆ ರೋಗ, ಬಿಡದಿದ್ದರೂ ರೋಗ. ಈಗ ಇವಳು ಎದ್ದು ಹೋದರೆ ಸಂಜೆಯ ವ್ಯಾನಿಗೇ ತನ್ನೂರು ಮಿತ್ಯಾನಕ್ಕೆ ಹೊರಟಳು, ಅವಳಿಗಳಿಗೆ ಇನ್ನು ಅಜ್ಜಿಯಿಲ್ಲ. ಕುಂಡೆ ಅರ್ಧ ಎತ್ತಿದ.

"ಏಯ್, ಕೂತ್ಕೊಳ್ಳಯ್ಯಾ!" ಎಂದು ಹಿಂದಿನವನು ಗದರಿದ. ಕೂತ. ಮುದುಕಿ ಪರದೆಯಿಂದ ಕಣ್ಣು ಕೀಳಲಿಲ್ಲ.

ಆಗ ಓಣಿಯಲ್ಲಿ ನಾಲೊಂಗೊ ಪ್ರತ್ಯಕ್ಷಳಾದಳು. ನೋಡಿದಳು. "ಅಯ್ಯೋ ದೇವರೇ! ಅಮ್ಮಾ, ಕೈ!"

ಮುದುಕಿ ಕತ್ತು ತಿರುಗಿಸದೆ, ಅಳಿಯನನ್ನು ನೋಡದೆ, ಮಗಳಿಗೇ ಹೇಳಿದಳು:

"ಅಡ್ಡ ನಿಂತ್ಕೋಬೇಡ, ಮೊಸಳೆ ಕಾಣಲ್ಲ. ಕೈ ನಾನ್ ಹಿಡ್ದಿಲ್ಲ, ಅವ್ರೇ ಹಿಡ್ಕೊಂಡಿದ್ದು. ಅಳಿಯಂದ್ರಿಗೆ ಹೇಳು, ಅತ್ತೇನ ಮುಟ್ಟಿದ್ರೆ ನಡುಕ ಬರುತ್ತೆ ಅನ್ನೋದು ಶುದ್ಧ ಸುಳ್ಳು. ಮುಟ್ಟೋಕೆ ಮುಂಚೇನೇ ಅವ್ರು ನಡುಗ್ತಿದ್ರು!"

ಹಿಂದಿನ ಸಾಲು ಗೊಳ್ಳೆಂದಿತು.

"ಇನ್ನೊಂದು ಹೇಳು. ಕೆಮ್ಮಿದೋರ ಗಂಟಲು ಹೋಯ್ತಂತೆ. ಬಾಳೆ ಗುಂಪಲ್ಲಿ ಬಗ್ಗಿ ಕೂತೋಳ ಸೊಂಟ ಏನಾಯ್ತು ಅಂತ ಯಾರಾದ್ರೂ ಕೇಳಿದ್ರಾ?"

ಲಕ್ಷ ಜನರನ್ನು ಕೂರಿಸಿದ ಗಂಡಿಗೆ ತನ್ನ ತಲೆ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಹೆಂಡತಿಯ ಕಡೆ ನೋಡುತ್ತ, "ಅಮ್ಮಂಗೆ ಹೇಳು... ಇನ್ಮೇಲೆ ಮುಂಬಾಗಿಲಿಂದಾನೇ ಬರ್ಲಿ ಅಂತ. ನಾನು ಬೇಕಾದ್ರೆ ಬಾಳೆ ಗುಂಪಿಗೆ ಹೋಗ್ತೀನಿ" ಎಂದ.

ಮುದುಕಿ ಅವನ ಡಬ್ಬಿಯಿಂದ ಒಂದು ಹಿಡಿ ಅರಳು ತೆಗೆದು ಬಾಯಿಗೆ ಹಾಕಿಕೊಂಡಳು. "ಹಂಗಾದ್ರೆ ಮತ್ತೆ ಬರ್ತೀನಿ ಅಂತ ಹೇಳು. ಇನ್ನೂ ನಾಲ್ಕು ತಲೆ ಬಾಕಿ ಇದೆ. ಭಯ ಆದ್ರೆ ಕೈ ಹಿಡ್ಕೊಂಡೇ ಇರ್ಲಿ."

ಅವನು ಹಿಡಿದುಕೊಂಡೇ ಇದ್ದ. ಒಂಬತ್ತನೆಯ ತಲೆಯವರೆಗೂ.

ನಗುತ್ತಿದ್ದೀರಾ? ನಗಿ. ಗೌರವ ಎಂಬ ಹೆಸರಿಟ್ಟು ನಿಮ್ಮ ಮನೆಯಲ್ಲೂ ಯಾರನ್ನೋ ಚಾಪೆಯ ಮರೆಯಲ್ಲಿ ಉಣ್ಣಲು ಕೂರಿಸಿದ್ದೀರಿ. ಈ ಪತ್ರಿಕೆ ಮಡಚಿ, ಏಳಿ, ಹೋಗಿ ಆ ಚಾಪೆ ಕಿತ್ತು ಬಿಸಾಡಿ!