ಹೊಂಬಾಳಯ್ಯನ ರುಜು

ಬೇಸಿಗೆಯಲ್ಲಿ ವಯಸ್ಕರ ಶಾಲೆಗೆ ಹೋಗಿ ಹೆಸರು ಬರೆಯಲು ಕಲಿತದ್ದೇ ಹೊಂಬಾಳಯ್ಯನ ತಪ್ಪಾಯಿತು. ಹೆಬ್ಬೆಟ್ಟಿನ ಮನುಷ್ಯನಾಗಿಯೇ ಉಳಿದಿದ್ದರೆ ಹುಣಸೂರಿನ ಕೋರ್ಟಿನಲ್ಲಿ ಅಷ್ಟು ಬೆವರಬೇಕಾಗಿರಲಿಲ್ಲ.

ಗಾವಡಗೆರೆಯ ಅವನ ಹೊಲಕ್ಕೆ ಇದ್ದದ್ದು ಒಂದೇ ಗಾಡಿದಾರಿ. ಅದು ತನ್ನದೆಂದು ಪಕ್ಕದ ಹೊಲದ ಕಂಠಪ್ಪ ದಾವಾ ಹಾಕಿದ್ದ. ಜವಾಬು ಕೊಡಲು ಇವತ್ತೇ ಕಡೆಯ ದಿನ. ಕೊಡದಿದ್ದರೆ ಕಂಠಪ್ಪ ಹೇಳಿದ್ದೇ ಖಾಯಂ, ಇವನು ಗೊಬ್ಬರವನ್ನು ತಲೆಯ ಮೇಲೆ ಹೊರಬೇಕು. ವಕೀಲ ರುದ್ರಸ್ವಾಮಿ ಬೇರೆ ಕೇಸಿಗೆಂದು ಮೈಸೂರಿಗೆ ಹೋಗಿದ್ದರು. ಅವರ ಗುಮಾಸ್ತ ಲಿಂಗಯ್ಯ ಟೈಪು ಮಾಡಿದ ನಾಲ್ಕು ಹಾಳೆ ಮುಂದಿಟ್ಟ.

"ಪ್ರತಿ ಹಾಳೆ ಕೆಳಗೂ ರುಜು ಹಾಕಪ್ಪ. ಕೊನೇಲಿ 'ಮೇಲಿರೋದೆಲ್ಲ ನಿಜ' ಅಂತ ಇದೆಯಲ್ಲ, ಅಲ್ಲೂ ಹಾಕು."

ಹೊಂಬಾಳಯ್ಯ ನೇಗಿಲು ಹಿಡಿದ ಹಾಗೆ ಪೆನ್ನು ಹಿಡಿದು ಐದು ಕಡೆಯೂ ಉತ್ತ. ಹಾಳೆಗಳನ್ನು ಕೋರ್ಟಿನ ಶಿರಸ್ತೇದಾರರು ಕನ್ನಡಕ ಏರಿಸಿ ನೋಡಿದರು.

"ಯಾರಯ್ಯ ಇದು, ಒಂಬಾಳಯ್ಯ?"

"ನಾನೇಯ ಸ್ವಾಮಿ."

"ಕೇಸಿರೋದು ಹೊಂಬಾಳಯ್ಯನ ಮೇಲೆ."

"ಅದೂ ನಾನೇಯ."

"ಹೆಸರು ಸರಿಯಾಗಿ ಹೇಳು."

"ಒಂಬಾಳಯ್ಯ."

"ಹಾಗಾದ್ರೆ ಹೋಗಿ ಹೊಂಬಾಳಯ್ಯನ್ನ ಕರಕೊಂಡು ಬಾ!"

ಬಾಯಲ್ಲಿ ಹೇಳಿದಂತೆ ಬರೆಯಿರಿ ಎಂದು ಮೇಷ್ಟ್ರು ಕಲಿಸಿದ್ದರು. ಅವನ ಬಾಯಲ್ಲಿ ಹುಟ್ಟಿದಂದಿನಿಂದ 'ಹ' ಇರಲಿಲ್ಲ.

ಜಗಲಿಯಲ್ಲಿ ಕೂತಿದ್ದ ಅವನೂರಿನ ಚನ್ನಬಸವಣ್ಣ ಸುಮ್ಮನಿದ್ದಾನೆಯೇ? "ಎಬ್ಬೆಟ್ಟು ಒತ್ಬುಡ್ಲಾ, ಮುಗೀತದೆ."

"ರುಜು ಬರೋನು ಹೆಬ್ಬೆಟ್ಟು ಒತ್ತಿದ್ರೆ ಅನುಮಾನ ಪಡ್ತಾರೆ ಕಣ್ರೀ," ಎಂದ ಲಿಂಗಯ್ಯ.

"ಅಂಗಾರೆ ಮುಂದ್ಕೆ ಒಂದು 'ಅ' ಸೇರ್ಸ್‌ಬುಡು."

ಹೊಂಬಾಳಯ್ಯ ಸೇರಿಸಿಯೇಬಿಟ್ಟ. ಐದು ಕಡೆಯೂ 'ಅಒಂಬಾಳಯ್ಯ' ಆಯಿತು. ಲಿಂಗಯ್ಯ ಹಣೆ ಚಚ್ಚಿಕೊಂಡು ನಾಲ್ಕೂ ಹಾಳೆಗಳನ್ನು ಮತ್ತೆ ಟೈಪು ಮಾಡಿದ. ಗಂಟೆ ಮೂರಾಗಿತ್ತು.

"ಉಸಿರು ಬಿಟ್ಟು ಹೇಳಯ್ಯ. ಹೊ!"

"ಒ."

"ಎತ್ತು ನಿಲ್ಲಿಸೋಕೆ ಏನಂತೀಯ?"

"ಹೋ!"

"ಅದೇ! ಅದನ್ನೇ ತಂದು ಹೆಸರಿಗೆ ಕಟ್ಟು." ಲಿಂಗಯ್ಯ ಅಕ್ಷರ ತಿದ್ದಿಸಿದ, ಬೆರಳೆತ್ತಿ ಹೆದರಿಸಿದ. "ನೆನಪಿರಲಿ, ಒಂಬಾಳಯ್ಯ ಅನ್ನೋನು ನೀನಲ್ಲ. ಆ ಹೆಸರು ಇನ್ನೊಂದು ಸಲ ಒಪ್ಪಿಕೊಂಡೆಯೋ, ದಾರಿ ಹೋಯ್ತು ಅಂತ ತಿಳಕೋ."

ಈ ಸಲದ ರುಜು ನೋಡಿ ಶಿರಸ್ತೇದಾರರು ತಲೆಯಾಡಿಸಿದರು. "ಸರಿ. ಬಾಗಿಲಲ್ಲಿ ಮೂರು ಸಲ ಹೆಸರು ಕೂಗ್ತಾರೆ. ತಕ್ಷಣ ಒಳಗೆ ಬಂದು ಸಾಹೇಬರಿಗೆ ಕೊಡು. ಬರದಿದ್ರೆ ಕೇಸು ಕಂಠಪ್ಪನ ಕಡೆಗೇ."

ಲಿಂಗಯ್ಯ ಹಸಿವು ತಡೆಯಲಾರದೆ ಹೋಟೆಲಿಗೆ ಓಡಿದ. ಹೊಂಬಾಳಯ್ಯ ಹಾಳೆಗಳನ್ನು ಎದೆಗವಚಿಕೊಂಡು, "ಹೊ, ಹೊ" ಎಂದು ಗೊಣಗುತ್ತ ಬೆಂಚಿನ ಮೇಲೆ ಕೂತ. ಬಾಗಿಲಲ್ಲಿ ಕೋರ್ಟಿನ ಜವಾನ ಕಾಣಿಸಿಕೊಂಡ. ಅವನೂ ಅದೇ ಸೀಮೆಯವನು.

"ಒಂಬಾಳಯ್ಯಾ! ಒಂಬಾಳಯ್ಯಾ! ಒಂಬಾಳಯ್ಯಾ!"

ಹೊಂಬಾಳಯ್ಯನ ಕಾಲುಗಳು ತಾವಾಗಿಯೇ ಏಳಲು ಹೋದವು. ಅವನು ಬೆಂಚನ್ನು ಬಿಗಿಯಾಗಿ ಹಿಡಿದು ಕೂತುಬಿಟ್ಟ. ಜವಾನ ಅತ್ತಿತ್ತ ನೋಡಿ ಒಳಗೆ ಹೋದ.

ಲಿಂಗಯ್ಯ ಬಾಯಿ ಒರೆಸಿಕೊಳ್ಳುತ್ತ ಬಂದ. "ಇನ್ನೂ ಕೂಗಿಲ್ವಾ?"

"ನನ್ನ ಕೂಗ್ನಿಲ್ಲ ಕಣ್ರೀ," ಎಂದ ಹೊಂಬಾಳಯ್ಯ ಹೆಮ್ಮೆಯಿಂದ. "ಯಾರೋ ಒಂಬಾಳಯ್ಯನ ಮೂರು ಕಿತ ಕೂಗುದ್ರು. ನಾನು ಅಲ್ಲಾಡ್ಲೇ ಇಲ್ಲ. ಪಾಪ, ಅವನ ಕೇಸು ಓಯ್ತು."