ಡಬ್ಬಿ ಬಂದ ಮ್ಯಾಲ ಗುಂಯ್

"ಅಲ್ರೀ, ಮತ್ತ ಕೇಳ್ತೀನಿ, ಆ ಡಬ್ಬಿ ಒಳಗ ಏನೈತಿ?"

"ಶಾಂತಿ ಐತಿ," ಅಂದ ಸಿದ್ದಾರೂಢ.

"ಅಲ್ಲಾಡಿಸಿದ್ರ ಮಣ್ಣಿನಂಗ ಸಪ್ಪಳ ಬರ್ತೈತಲ್ಲ?"

"ಏ, ಮುಟ್ಟಬ್ಯಾಡ!"

ವೈಶಾಲಿ ಕೈ ಹಿಂದ ತಗೊಂಡ್ಲು. ಮುಧೋಳ ಸಂತ್ಯಾಗ ಹೈನದ ಎಮ್ಮಿ ಬರೋವಷ್ಟ ರೊಕ್ಕ ಸುರದು ಗಂಡ ತರಿಸಿದ ಗ್ರೌಂಡಿಂಗ್ ಬಾಕ್ಸ್ ಅದು. ಸ್ಪೀಕರಿನ್ಯಾಗಿನ ಗುಂಯ್ ಅನ್ನೋ ಸಪ್ಪಳಾನ ವಯರ್ ಹಿಡದು ಎಳಕೊಂಡು ತನ್ನ ಹೊಟ್ಟ್ಯಾಗ ಇಟಗೊಂತೈತಂತ! (ಎಮ್ಮಿ ಆಗಿದ್ರ ಹಾಲರ ಕೊಡ್ತಿತ್ತು, ಅಂದ್ಲು ವೈಶಾಲಿ. ಮನಸಿನ್ಯಾಗ ಅಲ್ಲ, ಜೋರಾಗೇ.)

ಖರೇ ಅಂದ್ರ, ಸಿದ್ದಾರೂಢನ ಸ್ಪೀಕರಿಗೆ ಗುಂಯ್ ಅನ್ನೋ ರೋಗನ ಇರಲಿಲ್ಲ. ಉರಿಯಾಕತ್ತಿದ್ದು ಅವನ ಹೊಟ್ಟಿ. ಜಮಖಂಡಿ ಸಡ್ಡಕ ಸಂಜಯ, ಅಂದ್ರ ವೈಶಾಲಿ ತಂಗಿ ಪ್ರೀತಿ ಗಂಡ, ಇಂಥಾದ್ದ ಡಬ್ಬಿ ತಂದು, ಬೀಗರ ಮುಂದ ಕಣ್ಣ ಮುಚ್ಚಿ, "ಸೌಂಡ್ ಎಷ್ಟ ಕ್ಲೀನ್ ಐತಿ ಕೇಳ್ರಿ" ಅಂತ ತಲಿ ತೂಗಿದ್ದ. ಆವತ್ತಿಂದ ಸಿದ್ದಾರೂಢಗ ರೊಟ್ಟಿ ಸೇರವಲ್ದು, ನಿದ್ದಿ ಹತ್ತವಲ್ದು. ಅವಂದಕ್ಕಿಂತ ಒಂದ ಗೇಣು ದೊಡ್ಡ ಡಬ್ಬಿ ತರಿಸಿದ ಮ್ಯಾಲೇ ಉಸರ ಬಿಟ್ಟ.

ಡಬ್ಬಿ ಬಂದಕೂಡ್ಲೆ ಮಹಾರಾಜರ ಫರ್ಮಾನ: "ಈ ಕಿಡಕಿ ಹೊರಗ ಇನ್ನ ಹನಿ ನೀರ ಚೆಲ್ಲಂಗಿಲ್ಲ. ಥಂಡಿಗಿ ಡಬ್ಬಿ ಕೆಡ್ತೈತಿ."

ಕಿಡಕಿ ಹೊರಗ ಮನಿ ಕರೆಂಟ್ ಭೂಮಿಗಿ ಇಳಿಸೋ ಅರ್ಥಿಂಗ್ ಗುಂಡಿ ಇತ್ತು. ವೈಶಾಲಿ ದಿನಾ ಅಕ್ಕಿ ತೊಳದ ನೀರು ಅಲ್ಲೇ ಸುರವಾಕಿ. "ಆ ಗುಂಡಿ ಒಣಗಬಾರದಂತ ನಿಮ್ಮಪ್ಪಾರ ಹೇಳಿದ್ರು..."

"ನಮ್ಮಪ್ಪನ ಕಾಲದಾಗ ಇಂಥಾ ಡಬ್ಬಿ ಇತ್ತೇನು?"

ತಿಂಗಳ ಬಿಟ್ಟು ಸಂಜಯ, ಪ್ರೀತಿ ಬನಹಟ್ಟಿಗಿ ಬಂದ್ರು. ಓಣ್ಯಾಗ ಎಡಕ್ಕ ಮಗ್ಗ, ಬಲಕ್ಕ ಮಗ್ಗ, ಖಟಾಖಟ್ ಖಟಾಖಟ್. ಸಂಜಯ ಸ್ಪೀಕರಿಗೆ ಕಿವಿ ಹಚ್ಚಿದ. ಅವನ ಮಾರಿ ಸುಟ್ಟ ಬದನಿಕಾಯಿ ಆತು.

"ಅಣ್ಣಾರ, ಗುಂಯ್ ಅನ್ನೋದ ಇಲ್ಲಲ್ರೀ! ನಮ್ಮಲ್ಲಿ ಇನ್ನೂ ಸ್ವಲ್ಪ ಐತಿ."

"ಸಣ್ಣ ಡಬ್ಬಿ ಹಂಗಪಾ," ಅಂದ ಸಿದ್ದಾರೂಢ. ಸ್ವರ್ಗಕ್ಕ ಇನ್ನ ಎರಡ ಪಾವಟಿಗಿ!

ಅಷ್ಟರಾಗ ಚಹಾದ ಹೊತ್ತಾತು. ಓಣ್ಯಾಗಿನ ಮಗ್ಗ ಎಲ್ಲಾ ನಿಂತುವು.

ಗುಂಯ್ಯ್ಯ್ಯ್!

ಜೇನಹುಳದ ಗೂಡಿಗಿ ಕಲ್ಲ ಒಗದಂಗ. ಇಷ್ಟೊತ್ತನಕಾ ಖಟಾಖಟ್ ಒಳಗ ಅಡಗಿ ಕುಂತಿತ್ತು ಅದು! ಸಂಜಯನ ಮಾರಿ ಅರಳಿದ್ದ ಅರಳಿದ್ದು. ಸಿದ್ದಾರೂಢ ಡಬ್ಬಿ ಬಡದ, ವಯರ್ ತಿರುವಿದ, ಕಡೀಕ ಕೈ ಮುಗದ. ಗುಂಯ್ಯ್ಯ್.

ವೈಶಾಲಿ ಎದ್ದು, ಕೊಡಾ ತುಂಬಿಕೊಂಡು ಹೋಗಿ ಗುಂಡಿಗಿ ಸುರವಿದ್ಲು.

"ಏ, ಡಬ್ಬಿ ಕೆಡ್ತೈತಿ ಬೇ!"

ಆಕಿ ಇನ್ನೊಂದ ಕೊಡಾ ಸುರವಿದ್ಲು. ಗುಂಯ್... ಗುಂ... ಸುಮ್ಮನಾತು. ಸಂಜಯ ಮೆಲ್ಲಕ ಡಬ್ಬಿ ವಯರ್ ಕಿತ್ತ. ಆಗೂ ಸುಮ್ಮನ! ಡಬ್ಬಿ ಇದ್ರೂ ಅಷ್ಟ, ಇಲ್ಲದಿದ್ರೂ ಅಷ್ಟ.

"ಅಕ್ಕಾರ," ಅಂದ ಸಂಜಯ, ಗುರುವಿನ ಮುಂದ ನಿಂತಂಗ, "ಮುಂದಿನ ಆಯಿತವಾರ ಜಮಖಂಡಿಗಿ ಬರ್ರಿ. ನಮ್ಮ ಗುಂಡಿಗೂ ನಿಮ್ಮ ಕೈಲೆ ಒಮ್ಮೆ ನೀರ ಬೀಳಲಿ."

"ಮತ್ತ ನಾನು?" ಅಂದ ಸಿದ್ದಾರೂಢ.

"ನೀವೂ ಬರ್ರಿ ಅಣ್ಣಾರ. ಕೊಡಾ ಯಾರರ ಹೊರಬೇಕಲ್ಲ?"

ಪ್ರೀತಿ ಕಿಸಕ್ಕಂತ ನಕ್ಕಳು. ಸಿದ್ದಾರೂಢ ಕೊಡದ ಕಡೆ ನೋಡಿದ. ಆಮ್ಯಾಲ ಮೆಲ್ಲಕ ಕೇಳಿದ:

"ನಿಮ್ಮನ್ಯಾಗಿನ ಕೊಡಾ ಎಷ್ಟ ದೊಡ್ಡದೈತಿ? ಬ್ಯಾಡ ಬಿಡು, ಆಯಿತವಾರ ನಮ್ಮದ ತರ್ತೇನಿ."